ಬಸ್ಸಿನಲ್ಲಿ ಸಿಕ್ಕ ಪ್ರಸಾದ

ಮಾತ್ರೆ ನುಂಗಿ ಉಪವಾಸ ಕೂತರೆ ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ತೀರಾ ಇಳಿದು ಜೀವಕ್ಕೇ ಕುತ್ತು ಬರುತ್ತದೆ ಎಂದು ನನಗೆ ಮೊದಲು ಹೇಳಿದವಳು ಹೆಡತಲೆ ಊರಿನಲ್ಲಿರುವ ನನ್ನ ತಂಗಿ. ಅದನ್ನು ಕಣ್ಣಾರೆ ಕಂಡದ್ದು ಒಂದು ಸೋಮವಾರ, ನರಸೀಪುರದಿಂದ ನಂಜನಗೂಡಿಗೆ ಹೋಗುವ ಬಸ್ಸಿನಲ್ಲಿ.

ಪಕ್ಕದಲ್ಲಿದ್ದ ಅಜ್ಜಿ ಇದ್ದಕ್ಕಿದ್ದಂತೆ ಬೆವತು ನಡುಗತೊಡಗಿದರು.

"ಸಕ್ಕರೆ ಮಾತ್ರೆ ತಗೊಂಡ್ರಾ ಅವ್ವ?" ಎಂದೆ.

"ಊಂ ಕಣಪ್ಪ, ಬೆಳಿಗ್ಗೇನೇ ನುಂಗಿವ್ನಿ."

"ಏನಾದ್ರೂ ತಿಂದ್ರಾ?"

"ನಂಜುಂಡಪ್ಪನ್ನ ನೋಡೋಗಂಟ ಏನೂ ತಿನ್ನಾಕಿಲ್ಲ."

ನೈವೇದ್ಯಕ್ಕೆಂದು ಒಯ್ಯುತ್ತಿದ್ದ ಬೆಲ್ಲ ನನ್ನ ಚೀಲದಲ್ಲಿತ್ತು. ಒಂದು ತುಂಡು ಮುರಿದು ಕೊಡಹೋದೆ.

"ಬ್ಯಾಡ ಕಣಪ್ಪ. ಅತ್ಲಾಗೆ ಅರಕೆ, ಇತ್ಲಾಗೆ ಡಾಕ್ಟ್ರು ಬೆಲ್ಲ ಮುಟ್ಬ್ಯಾಡ ಅಂದವ್ರೆ." ಅವರ ನಾಲಿಗೆ ಆಗಲೇ ತೊದಲುತ್ತಿತ್ತು.

ನನಗೆ ಬೇರೆ ದಾರಿ ಕಾಣಲಿಲ್ಲ. "ಇದು ಬೆಲ್ಲ ಅಲ್ಲ ಅವ್ವ, ಪ್ರಸಾದ. ಪ್ರಸಾದ ಬ್ಯಾಡ ಅನ್ನಬಾರ್ದು," ಎಂದೆ.

ಅಜ್ಜಿ ಎರಡೂ ಕೈ ಒಡ್ಡಿ, ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ನಡುಕ ನಿಂತು ಮುಖಕ್ಕೆ ಕಳೆ ಬಂತು.

"ಇನ್ನೊಂದ್ ಚೂರು ಪ್ರಸಾದ ಕೊಡಪ್ಪ."

"ಸಾಕು ಬುಡಿ ಅವ್ವ. ಇಳಿದು ಇಡ್ಲಿ ತಿನ್ನೀರಂತೆ."

"ಇಡ್ಲೀನೂ ನೀನೇ ಪ್ರಸಾದ ಅಂತ ಕೊಟ್ಬುಡು, ತಿಂತೀನಿ," ಎಂದು ನಕ್ಕರು.

ನಿಮ್ಮ ಮನೆಯಲ್ಲೂ ಮಾತ್ರೆ ನುಂಗಿ ಉಪವಾಸ ಮಾಡುವ ಹಿರಿಯರಿದ್ದರೆ ಇದನ್ನು ಅವರಿಗೆ ಹೇಳಿ. ಡಾಕ್ಟರನ್ನು ಕೇಳಿಯೇ ಹರಕೆ ಹೊರಲಿ. ಆ ಬೆಲ್ಲ ಇನ್ನೂ ದೇವರ ಮುಂದೆ ಹೋಗಿರಲಿಲ್ಲ ಅನ್ನುವುದೊಂದನ್ನು ಬಿಟ್ಟು, ಉಳಿದದ್ದೆಲ್ಲ ಹೇಳಿ.