ಹಸಿರು ಗುಂಡಿ ಒತ್ತಿದ ಮಹದೇವಮ್ಮ

ಮಹದೇವಮ್ಮನ ಹೆಸರು ನಾನು ಮೊದಲು ಕೇಳಿದ್ದು ಬೈಗುಳದಲ್ಲಿ. ಮಂಡಿ ಮೊಹಲ್ಲಾದ ನಲ್ಲಿ ಸಾಲಿನಲ್ಲಿ ಒಬ್ಬಳು, "ಆ ದರ್ಜಿ ಮಹದೇವಮ್ಮನ ಹತ್ರ ಹೋಗ್ಬೇಡಿ ಕಣ್ರೀ. ಒಂದು ರವಿಕೆಗೆ ಮೂರು ಸಲ ಅಳತೆ ತಗೋತಾಳೆ. ಕೈ ಎತ್ತು, ಬಗ್ಗು, ಮಗು ಎತ್ಕೊಂಡು ತೋರ್ಸು ಅಂತಾಳೆ" ಅಂದಳು. ನಾನು ಮಾರನೆಯ ದಿನವೇ ಹೋದೆ. ಅವಳು ಹೊಲಿದ ರವಿಕೆ ಇವತ್ತಿಗೂ ಕಂಕುಳಲ್ಲಿ ಹೊಲಿಗೆ ಬಿಟ್ಟಿಲ್ಲ.

ಈಗ ಇಬ್ಬರೂ ಶ್ರೀರಾಂಪುರದವರು, ಇಬ್ಬರಿಗೂ ಬಿಪಿ. ನಮ್ಮ ಕ್ಲಿನಿಕ್ಕಿಗೆ ಯಾವುದೋ ಕಂಪನಿಯವರು ಮಾತ್ರೆ ಪೆಟ್ಟಿಗೆ ತಂದು ಮನೆಗೊಂದು ಕೊಟ್ಟರು. ಬೆಳಿಗ್ಗೆ ಏಳಕ್ಕೆ ಕೂಗುತ್ತದೆ. ಮಾತ್ರೆ ನುಂಗಿ ಹಸಿರು ಗುಂಡಿ ಒತ್ತಿದರೆ ಸುಮ್ಮನಾಗುತ್ತದೆ. ರೋಗಿಗಳನ್ನು ಕೇಳಿಕೊಂಡೇ ತಯಾರು ಮಾಡುವುದಂತೆ. ಕೇಳಲು ಬಂದವನು ಗೌತಮ್ ಎಂಬ ಇಂಜಿನಿಯರು, ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ.

"ಹೇಗಿದೆ ಅಜ್ಜಿ?"

"ಚೆನ್ನಾಗಿದೆ ಕಣಪ್ಪ" ಅಂದೆವು ಹನ್ನೊಂದು ಜನ. ನೆಂಟರ ಮನೆಯಲ್ಲಿ ಹಾಲು ಒಡೆದ ಕಾಫಿ ಕೊಟ್ಟರೂ ಚೆನ್ನಾಗಿದೆ ಅನ್ನುವ ಬಾಯಿಗಳು ನಮ್ಮವು. ಇವನ್ನು ನಂಬಿ ಯಂತ್ರ ಮಾಡುವವನ ಓದಿಗೆ ಏನು ಹೇಳಲಿ.

ಹನ್ನೆರಡನೆಯವಳು ಮಹದೇವಮ್ಮ. "ಏಳಕ್ಕೆ ನಾನು ಅಂಗೈಲಿ ಲಿಂಗ ಇಟ್ಕೊಂಡು ಕೂತಿರ್ತೀನಿ. ಪೂಜೆ ಮುಗಿಯೋಗಂಟ ನೀರೂ ಮುಟ್ಟಲ್ಲ. ಇದು ಪಕ್ಕದಲ್ಲಿ ಬಡ್ಕೊಳ್ಳುತ್ತೆ. ಬಾಯಿ ಮುಚ್ಚಿಸೋಕೆ ಗುಂಡಿ ಒತ್ಬುಡ್ತೀನಿ. ಆಮೇಲೆ ನುಂಗಿದ್ನೋ ಇಲ್ವೋ ನೆನಪಿರಲ್ಲ."

"ಟೈಮ್ ಎಲ್ಲರಿಗೂ ಒಂದೇ ಅಜ್ಜಿ. ಪೂಜೆ ಸ್ವಲ್ಪ ಬೇಗ ಮುಗಿಸ್ಕೊಳ್ಳಿ."

"ರವಿಕೆ ಬಿಗಿ ಅಂದ್ರೆ ಮೈ ಇಳಿಸ್ಕೋ ಅಂದಂಗಾಯ್ತು."

ಅವನು ನಕ್ಕ, ಬರೆದುಕೊಳ್ಳಲಿಲ್ಲ. ನಾನಾದರೂ ಬಾಯಿ ಬಿಡಬಹುದಿತ್ತು. ಏಳಕ್ಕೆ ನಾನೂ ಒಲೆ ಮುಂದಿರುತ್ತೇನೆ, ನಾನೂ ಒತ್ತಿ ಮರೆಯುತ್ತೇನೆ. ಬಿಸ್ಕತ್ತು ತಿಂದು ಮನೆಗೆ ಬಂದೆ, ನಾಚಿಕೆಗೆಟ್ಟವಳು.

ಎರಡು ತಿಂಗಳ ಮೇಲೆ ಗೌತಮ್ ಕ್ಲಿನಿಕ್ಕಿನ ಗೋಡೆಯ ಮೇಲೆ, ಯಾರು ಎಷ್ಟು ದಿನ ಗುಂಡಿ ಒತ್ತಿದರು ಅನ್ನುವ ಪಟ್ಟಿ ತೋರಿಸಿದ. ಮಹದೇವಮ್ಮನಿಗೆ ನೂರಕ್ಕೆ ನೂರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಅಲ್ಲಿರಲಿಲ್ಲ. ಮೂರು ದಿನದ ಹಿಂದೆ, ನುಂಗಿದ್ದು ಮರೆತು ಮತ್ತೆ ನುಂಗಿ, ತಲೆ ತಿರುಗಿ ಹೊಸಿಲ ಮೇಲೆ ಬಿದ್ದು ಬಲಗೈ ಮುರಿದುಕೊಂಡಿದ್ದಳು. ನೂರಕ್ಕೆ ನೂರು ಬಂದ ಪೆಟ್ಟಿಗೆ ಇನ್ನು ಮುನ್ನೂರು ಮನೆಗಳಿಗೆ ಹೋಗುತ್ತದಂತೆ. ಅದಕ್ಕೆ ಒಪ್ಪಿಗೆ ಕೊಡುವ ಕೊನೆಯ ಸಭೆ ಸೋಮವಾರ.

ಸುದ್ದಿ ಹೇಳಲು ಹೋದೆ, ನಾನೂ ಒತ್ತಿ ಮರೆಯುವುದನ್ನೂ ಹೇಳಿಬಿಟ್ಟೆ. ಕೈಗೆ ಪಟ್ಟಿ ಹಾಕಿಕೊಂಡು ಮಲಗಿದ್ದವಳು ಸೂರು ನೋಡುತ್ತಾ ಕೇಳಿಸಿಕೊಂಡಳು.

"ನಾನೊಬ್ಳೇ ಅಂದ್ರೆ ಮುದುಕಿಗೆ ಅರಳುಮರಳು ಅಂತಾರೆ ಅಕ್ಕ. ಸೋಮವಾರ ನನ್ನ ಜೊತೆ ಬಂದು, ನೀವು ಯಾವಾಗ ಗುಂಡಿ ಒತ್ತಿದ್ರಿ, ಯಾವಾಗ ನುಂಗಿದ್ರಿ, ಎಲ್ರ ಮುಂದೆ ಹೇಳ್ತೀರಾ?"