ತೀರಿಸದ ಮುಯ್ಯಾಳು

ಮೇಲ್ಮನೆಯ ಹೆಂಗಸನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗ ಆಗುತ್ತದೆ ಅಂತ ಸುಳ್ಳು ಹೇಳುವವಳೂ ನಾನಲ್ಲ. ಕಡಹಿನಬೈಲಿನ ಪಕ್ಕ ನಮ್ಮ ಗದ್ದೆಗೆ ತಾಗಿದ ಮೇಲಿನ ಗದ್ದೆ ಅವಳದು. ನಮ್ಮ ದನ ಅವಳ ಅಂಚಿನ ಕಡೆ ಮುಖ ತಿರುಗಿಸಿದರೂ ಸಾಕು, ಸತ್ತುಹೋದ ನಮ್ಮಪ್ಪನನ್ನೂ ಎಬ್ಬಿಸಿ ತಂದು ಬಯ್ಯುತ್ತಿದ್ದಳು.

ಅವಳ ಬಾಯಿ ಮೊದಲಿಂದ ಹಾಗಿರಲಿಲ್ಲವಂತೆ. ಗಂಡ ಅವಳನ್ನು ಬಿಟ್ಟು ಶೃಂಗೇರಿ ಕಡೆ ಇನ್ನೊಂದು ಸಂಸಾರ ಹೂಡಿದ ಮೇಲೆ ಹಾಗಾಯಿತು. ಸಮಾಧಾನ ಹೇಳುತ್ತೇವೆ ಅಂತ ಊರಿನ ಹೆಂಗಸರೆಲ್ಲ ಹೋದರು, ಅವಳು ಮಾಡಿಕೊಟ್ಟ ಕಾಫಿ ಕುಡಿದರು, ಅತ್ತದ್ದನ್ನು ಕಣ್ತುಂಬ ನೋಡಿದರು. ಸಂಜೆಯಾಗುವುದರೊಳಗೆ ಎನ್.ಆರ್. ಪುರದ ಬಸ್‌ಸ್ಟ್ಯಾಂಡಿನಲ್ಲಿ ಅದೇ ಮಾತು. ಅಲ್ಲಿಂದ ಮುಂದೆ ಅವಳ ಅಂಗಳಕ್ಕೆ ಯಾರು ಕಾಲಿಟ್ಟರೂ ಕಥೆ ಹೆಕ್ಕಲು ಬಂದವರೇ ಅಂತ ಅವಳು ತೀರ್ಮಾನ ಮಾಡಿಬಿಟ್ಟಳು.

ನಮ್ಮಮ್ಮನಿಗೆ ಇದೆಲ್ಲ ಗೊತ್ತಿದ್ದೂ ಕ್ರಿಸ್ಮಸ್ಸಿಗೆ ಮಾಡಿದ ತಿಂಡಿ ಹಿಡಿದು ಅಲ್ಲಿಗೆ ಹೋದಳು. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಅನ್ನುವುದುಂಟು. ಆ ಮರ್ಯಾದೆಯ ಮಾತನ್ನೇ ಅವಳು ಕಲ್ಲಿನ ಹಾಗೆ ಬೀಸಿದಳು. "ಎಂತ ಬಾಯಮ್ಮ, ಗಂಡ ಇಲ್ದವಳು ಸುಲಭಕ್ಕೆ ಸಿಗ್ತಾಳೆ ಅಂತ ನಿಮ್ಮ ಧರ್ಮಕ್ಕೆ ಸೇರಿಸ್ಕಳಕ್ಕೆ ಬಂದ್ರಾ?" ತಿಂಡಿಯ ತಟ್ಟೆ ಮುಚ್ಚಳ ಕೂಡ ತೆಗೆಯದೆ ನಮ್ಮ ಜಗಲಿಗೆ ವಾಪಸು ಬಂತು. ನನಗೆ ಮೈಯೆಲ್ಲ ಉರಿಯಿತು. ಅಮ್ಮ ತಟ್ಟೆ ಒಳಗಿಟ್ಟು, ಸಂಜೆ ಜಪಸರ ಮಾಡುವಾಗ ಅವಳಿಗಾಗಿ ಅಂತ ಇನ್ನೊಂದು ಪ್ರಾರ್ಥನೆ ಸೇರಿಸಿದಳು. ಇಂಥವಳಿಗೂ ಪ್ರಾರ್ಥನೆಯಾ ಅಂತ ರೇಗಿದೆ. ನಮ್ಮನ್ನು ಪ್ರೀತಿಸುವವರನ್ನು ಪ್ರೀತಿಸಲಿಕ್ಕೆ ಯೇಸು ಕಲಿಸಬೇಕಾ, ಅದು ನಮ್ಮ ದನಕ್ಕೂ ಬರುತ್ತದೆ ಅಂದಳು ಅಮ್ಮ.

ಆ ವರ್ಷ ನಾಟಿಗೆ ಅವಳಿಗೆ ಆಳು ಸಿಗಲಿಲ್ಲ. ನಮ್ಮಲ್ಲಿ ಇನ್ನೂ ಭತ್ತ ಬೆಳೆಯುವ ನಾಲ್ಕು ಮನೆಯವರು ಮುಯ್ಯಾಳಿನ ಮೇಲೆ ನಡೆಸುತ್ತೇವೆ. ಇವತ್ತು ನಾನು ನಿಮ್ಮ ಗದ್ದೆಗೆ ಬಂದರೆ ನಾಳೆ ನೀವು ನನ್ನ ಗದ್ದೆಗೆ ಬರಬೇಕು. ಕೂಲಿಯ ಮಾತಿಲ್ಲ, ಊಟ ಗದ್ದೆಯವರದು. ಅವಳ ಬಾಯಿಗೆ ಹೆದರಿ ಎಲ್ಲರೂ ಅವಳನ್ನು ಮುಯ್ಯಾಳಿನಿಂದ ಕೈಬಿಟ್ಟಿದ್ದರು. ಮಡಿಯಲ್ಲಿ ಸಸಿ ಬಲಿತು ಹಳದಿಯಾಗುತ್ತಿತ್ತು. ಗದ್ದೆ ಹಾಳುಬಿದ್ದರೆ ತಾವೇ ಉಳುತ್ತೇವೆ ಅಂತ ಅವಳ ಮೈದುನರು ಕಾದು ಕೂತಿದ್ದರು. ಅವರು ಒಂದು ಸಲ ಟಿಲ್ಲರ್ ಇಳಿಸಿದರೆ ಮತ್ತೆ ಎತ್ತುವ ಜನ ಅಲ್ಲ. ಅವಳಿಗೆ ಇದ್ದದ್ದು ಆ ಗದ್ದೆಯೊಂದೇ.

ನಾವಿಬ್ಬರೂ ಹೋಗುವುದು ಅಂತ ಅಮ್ಮ ಹೇಳಿದಳು. ನಾನು ಜಗಳ ಆಡಿದೆ, ಸೋತೆ, ಹೋದೆ. ನಮ್ಮನ್ನು ಕಂಡು ಅವಳು ಯಾರು ಕರೆದರು ಅಂದಳು. ಅಮ್ಮ ಮಡಿಗೆ ಇಳಿದು ಸಸಿ ಕೀಳತೊಡಗಿದಳು. ಅವಳು ಆ ಹಳದಿ ಸಸಿ ನೋಡಿದಳು, ನಮ್ಮನ್ನು ನೋಡಿದಳು, ತಾನೂ ಇಳಿದಳು. ಮಧ್ಯಾಹ್ನ ಊಟವನ್ನು ಅಂಚಿನ ಮೇಲೆ ಕುಕ್ಕಿ ಹೋದಳು.

ಮುಯ್ಯಿ ತೀರಿಸಲು ಬಂದಾಗ ಮಾತ್ರ ಸರಿಯಾಗಿ ಬಂದಳು. ನಾವು ಇಬ್ಬರು ಹೋಗಿದ್ದಕ್ಕೆ ಅವಳೊಬ್ಬಳೇ ಎರಡು ದಿನ. ಅದೂ ಹೇಗೆ? ಮನೆಯಿಂದ ಬುತ್ತಿ ಕಟ್ಟಿಕೊಂಡು! ನಮ್ಮ ಗದ್ದೆಯಲ್ಲಿ ಕೂತು, ನಮಗೆ ಬೆನ್ನು ಹಾಕಿ, ತನ್ನ ಡಬ್ಬಿ ಬಿಚ್ಚಿ ಉಂಡಳು. ಮುಯ್ಯಾಳು ಬಂದವರು ಊಟ ಬೇಡ ಅನ್ನುವುದಕ್ಕಿಂತ ದೊಡ್ಡ ಬೈಗುಳ ನಮ್ಮೂರಲ್ಲಿಲ್ಲ. ಅಮ್ಮ ಮಾಡಿದ ಸಾರು ಹಾಗೇ ಉಳಿಯಿತು.

ಮೈದುನರು ಹಸಿರು ಗದ್ದೆ ನೋಡಿ ಹೊರಟುಹೋದರು. ಅದಕ್ಕಾದರೂ ಒಂದು ಒಳ್ಳೆ ಮಾತು ಬರಬಾರದಾ? ಇಲ್ಲ. ಮಾರನೇ ವರ್ಷವೂ ನಾವು ಹೋದೆವು. ಈ ಸಲ ಎರಡನೇ ಆಳು ತೀರಿಸಲಿಕ್ಕೆ ಅವಳು ಆರಿಸಿದ್ದು ಭಾನುವಾರ. ಭಾನುವಾರ ನಾವು ಗದ್ದೆಗೆ ಇಳಿಯುವುದಿಲ್ಲ ಅಂತ ಊರಿಗೇ ಗೊತ್ತು. ಚರ್ಚಿಗೆ ಹೋಗಲು ಆಟೋ ಹತ್ತುವ ಹೊತ್ತಿಗೆ ನೋಡಿದರೆ ನಮ್ಮ ಗದ್ದೆಯಲ್ಲಿ ಇವಳು ಒಬ್ಬಳೇ ಬಗ್ಗಿಕೊಂಡು ನೆಡುತ್ತಿದ್ದಾಳೆ. ನಮ್ಮ ಮುಖ ನೋಡದೆ, ನಮ್ಮ ಅನ್ನ ಮುಟ್ಟದೆ ಋಣ ಕಳಕೊಳ್ಳುವ ಉಪಾಯ. ಎಂಥಾ ಸೊಕ್ಕು! ಕಿರುಚಬೇಕು ಅಂತ ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಪ್ರಾರ್ಥನೆ ಪುಸ್ತಕ ನನ್ನ ಕೈಗೆ ಕೊಟ್ಟು, ಚರ್ಚಿಗೆಂದು ಉಟ್ಟ ಬಿಳಿ ಸೀರೆಯನ್ನು ಎತ್ತಿ ಸಿಕ್ಕಿಸಿ, ಕೆಸರಿಗೆ ಇಳಿದೇಬಿಟ್ಟಳು. ಜ್ವರ ಬಂದಾಗಲೂ ಭಾನುವಾರದ ಪೂಜೆ ತಪ್ಪಿಸದ ಹೆಂಗಸು!

"ಇವತ್ತು ನಿಮ್ಮ ವಾರ. ಹೋಗಿ," ಅಂದಳು ಅವಳು, ತಲೆ ಎತ್ತದೆ.

"ನೀ ಒಬ್ಳೇ ಬಗ್ಗಿ ಸೊಂಟ ಬಿದ್ರೆ ನಿನ್ನ ಗದ್ದೆ ಯಾರು ನೋಡೂದು ಮಾರಾಯ್ತಿ?"

ಅವಳು ಕೈಯಲ್ಲಿದ್ದ ಸಸಿ ಕಟ್ಟನ್ನು ಎಸೆದಳು. ಕೆಸರು ಅಮ್ಮನ ಸೀರೆಗೆ, ಮುಖಕ್ಕೆ ಹಾರಿತು. "ನಿಮ್ಮ ಕನಿಕರ ನಂಗೆ ಬೇಡ. ನೀವೂ ಒಂದಿನ ಎಲ್ಲರ ಹಾಗೆ ಮಾತಾಡವ್ರೇ."

ಅಮ್ಮ ಮುಖ ಒರೆಸಿ, ಆ ಕಟ್ಟನ್ನೇ ಹೆಕ್ಕಿ ಬಿಚ್ಚಿ, ಅವಳ ಪಕ್ಕದ ಸಾಲಿನಲ್ಲಿ ನೆಡಲು ಶುರುಮಾಡಿದಳು. ನಾನು ಆಟೋ ಹತ್ತಿ ಹೋದೆ. ಪೂಜೆಯುದ್ದಕ್ಕೂ ನನ್ನ ಮನಸ್ಸಿನಲ್ಲಿ ಇದ್ದದ್ದು ಶಾಪ. ವಾಪಸು ಬಂದಾಗ ಗದ್ದೆ ಮುಗಿದಿತ್ತು. ಆ ದಿನವೂ ಅವಳು ತನ್ನ ಡಬ್ಬಿಯಲ್ಲೇ ಉಂಡಳಂತೆ. ಬೆನ್ನು ಮಾತ್ರ ಹಾಕಿರಲಿಲ್ಲ ಅಂತ ಅಮ್ಮ ದೊಡ್ಡ ಸುದ್ದಿ ಹೇಳಿದ ಹಾಗೆ ಹೇಳಿದಳು. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಹೋದ ವರ್ಷ ನಾನು ಖಡಾಖಂಡಿತ ಬರುವುದಿಲ್ಲ ಅಂದೆ. ಮಂಡಿನೋವಿನ ಅಮ್ಮ ಒಬ್ಬಳೇ ಹೋಗಿ ದಿನವಿಡೀ ನೆಟ್ಟು ಬಂದಳು. ನಮ್ಮ ನಾಟಿ ಬಂತು. ಅವಳು ಬರಲಿಲ್ಲ. ಮರುದಿನವೂ ಬರಲಿಲ್ಲ. ನಾಟಿ ಮುಗಿಯಿತು, ಕಳೆ ತೆಗೆಯುವ ಕಾಲವೂ ಬಂತು, ಅವಳ ಪತ್ತೆಯಿಲ್ಲ. ನನಗೆ ಒಳಗೊಳಗೇ ಖುಷಿ. ನೋಡು ನಿನ್ನ ಪ್ರೀತಿಯ ಫಲ, ಮುಯ್ಯಾಳನ್ನೂ ನುಂಗಿ ನೀರು ಕುಡಿದಳು ಅಂತ ಅಮ್ಮನಿಗೆ ಚುಚ್ಚಿದೆ. ಮರೆತಿರಬೇಕು ಅಂದಳು ಅಮ್ಮ. ಮರೆಯುವ ಹೆಂಗಸಾ ಅವಳು? ಕೇಳಿಯೇ ಬರುತ್ತೇನೆ ಅಂತ ಚಪ್ಪಲಿ ಮೆಟ್ಟಿ ಮೇಲ್ಮನೆಗೆ ಹತ್ತಿದೆ.

ಅವಳು ಜಗಲಿಯಲ್ಲಿ ಕೂತು ಕತ್ತಿ ಮಸೆಯುತ್ತಿದ್ದಳು. ಏಳಲಿಲ್ಲ, ಕೂರು ಅನ್ನಲಿಲ್ಲ. ನಮ್ಮಮ್ಮನ ಒಂದಾಳು ಬಾಕಿ ಇದೆ, ನೆನಪಿದೆಯಾ ಅಂತ ನಿಂತಲ್ಲೇ ಕೇಳಿದೆ.

"ನೆನಪದೆ. ಕೊಡಲ್ಲ."

ಯಾಕೆ ಕೊಡುವುದಿಲ್ಲ ಅಂತ ದನಿ ಏರಿಸಿದೆ. ಅವಳು ಕತ್ತಿ ಕೆಳಗಿಟ್ಟಳು. ಮುಖ ಎಂದಿನ ಹಾಗೇ ಗಂಟು.

"ತೀರ್ಸಿಬಿಟ್ರೆ ಮುಗೀತಲ್ಲ. ಆಮೇಲೆ ನಿಮ್ಮಮ್ಮ ಎಂತಕ್ಕೆ ಬತ್ತಾರೆ ಈ ಮನೆಗೆ?"

ಅದನ್ನೂ ಬಯ್ಯುವ ದನಿಯಲ್ಲೇ ಹೇಳಿದಳು.