ಏರಿ ದಾಟಿದ ಮಣ್ಣು

ಭಾಗ್ಯಾ, ನಿನ್ನ ಲೆಕ್ಕ ತಪ್ಪಿರಲಿಲ್ಲ. ತಪ್ಪಿದ್ದು ನನ್ನದು — ಅದು ನನಗೆ ಅವತ್ತೇ ಗೊತ್ತಿತ್ತು.

ತೊಂಬತ್ತರ ದಶಕದ ಕೊನೆ, ನಮ್ಮ ಇಂಜಿನಿಯರಿಂಗಿನ ಕೊನೇ ವರ್ಷ. ನಾಲೆಯ ತಿರುವಿನಲ್ಲಿ ಹೂಳು ಎಲ್ಲಿ ಕೂರುತ್ತದೆ ಅಂತ ಕಂಪ್ಯೂಟರಿನಲ್ಲಿ ತೋರಿಸುವುದು ನಮ್ಮಿಬ್ಬರ ಪ್ರಾಜೆಕ್ಟು. ನೀರು ಹರಿಯುವ ಲೆಕ್ಕ ನಿನ್ನದು, ಆ ನೀರಿನಲ್ಲಿ ಮಣ್ಣಿನ ಕಣಗಳನ್ನು ಓಡಿಸುವ ಪ್ರೋಗ್ರಾಂ ನನ್ನದು. ಕರೆಂಟು ಹೋದರೆ ಬೆಳಗಿನಿಂದ ಓಡಿಸಿದ್ದೆಲ್ಲ ಮಣ್ಣುಪಾಲು. ಅಷ್ಟು ಒದ್ದಾಡಿ ಓಡಿಸಿದರೆ — ಕಣಗಳು ತಿರುವಿಗೆ ಬಂದಿದ್ದೇ ತಡ, ದಡದ ಏರಿಯನ್ನೇ ತೂರಿಕೊಂಡು ನಾಲೆಯಿಂದಾಚೆ! ತಲೆ ಕೆಟ್ಟುಹೋಗಿತ್ತು.

ಕಾಲೇಜಿನಲ್ಲಿ ಲೆಕ್ಚರರ್ ಕೆಲಸ ಖಾಲಿಯಿದ್ದದ್ದು ಒಂದೇ. ನಮ್ಮಿಬ್ಬರಲ್ಲಿ ಒಬ್ಬರಿಗೆ ಅಂದಿದ್ದರು ಗೈಡ್ ಮೇಷ್ಟ್ರು. ಅದು ಸಿಕ್ಕದಿದ್ದರೆ ಮದುವೆ ಅಂತ ನಿಮ್ಮಪ್ಪ ಹೇಳಿಯಾಗಿತ್ತು. ಅದೂ ನನಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ತಪ್ಪು ಸಿಕ್ಕಿತು. ಕಣ ಒಂದು ಸಲಕ್ಕೆ ಸರಿಯಲು ನಾನು ಕೊಟ್ಟ ಹೆಜ್ಜೆಯೇ ದೊಡ್ಡದು — ಏರಿ ಅಡ್ಡ ಬಂತೋ ಇಲ್ಲವೋ ನೋಡುವ ಮೊದಲೇ ಅದು ಆಚೆ ಬಿದ್ದಿರುತ್ತಿತ್ತು. ಹೇಳಬೇಕಿತ್ತು. ಹೇಳಲಿಲ್ಲ.

ಆ ಭಾನುವಾರ ನೀನು ನನ್ನನ್ನು ಕ್ಯಾತನಹಳ್ಳಿಗೆ ಕರೆಸಿದೆ, ನಿಮ್ಮೂರ ನಾಲೆಯ ಸೇತುವೆಗೆ. ವೇಲಿನಲ್ಲಿ ಕಟ್ಟಿ ತಂದಿದ್ದ ಕಡ್ಲೆಪುರಿಯನ್ನು ಹಿಡಿಹಿಡಿಯಾಗಿ ನೀರಿಗೆ ಚೆಲ್ಲಿದೆ. ಪುರಿ ತಿರುವಿನಲ್ಲಿ ಆಚೆ ದಡಕ್ಕೆ ಸರಿದು, ಸುತ್ತಿ, ಮುಂದೆ ಹೋಯಿತು.

“ನೋಡ್ಲಾ, ನಾನು ಬರ್ದಂಗೇ ಓಯ್ತಾದೆ! ಮತ್ತೆ ನಿನ್ ಮಣ್ಣು ಯಾಕ್ಲಾ ಏರಿ ತೂರ್ಕಂಡ್ ಓಯ್ತದೆ?”

“ಮೇಲ್ ತೇಲೋ ಪುರಿನೇ ಬ್ಯಾರೆ, ಒಳಗಿನ್ ನೀರೇ ಬ್ಯಾರೆ ಕಣಮ್ಮಿ. ನಿನ್ ಲೆಕ್ಕದಲ್ಲೇ ಏನೋ ಎಡವಟ್ಟಾಗದೆ,” ಅಂದುಬಿಟ್ಟೆ.

ಕೈಯಲ್ಲುಳಿದ ಪುರಿ ನೋಡುತ್ತಾ ನಿಂತೆ ನೀನು. “ಇರ್ಬೌದು ಬುಡು,” ಅಂದೆ. ನಂಬಿದೆಯಲ್ಲ — ಛೇ, ಜಗಳವಾಡಬಾರದಿತ್ತಾ ನನ್ನ ಮೇಲೆ? ನೋಡು, ಈಗಲೂ ತಪ್ಪನ್ನು ನಿನ್ನ ಮೇಲೇ ಹಾಕುತ್ತಿದ್ದೇನೆ.

ಸರಿಯಿದ್ದ ಲೆಕ್ಕವನ್ನು ನೀನು ಮೊದಲಿಂದ ತಿದ್ದುತ್ತಾ ಕೂತೆ. ನಾನು ಹೆಜ್ಜೆ ಚಿಕ್ಕದು ಮಾಡಿ, ನಿನ್ನ ಹಳೇ ಲೆಕ್ಕವನ್ನೇ ಹಾಕಿ ಓಡಿಸಿ, “ಅವಳದನ್ನ ನಾನೇ ಸರಿಮಾಡಿದೆ ಸಾರ್” ಅಂದೆ ಮೇಷ್ಟ್ರಿಗೆ. ಕೆಲಸ ನನಗೆ ಬಂತು. ನಿನಗೆ ಮದುವೆಯಾಯಿತು.

ಮೊನ್ನೆ ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ನೀನು ಸಿಕ್ಕೆ. ಜೊತೆಯಲ್ಲಿ ನಿನ್ನ ಮಗಳು, ಇಂಜಿನಿಯರಿಂಗ್ ಸೇರಬೇಕು ಅನ್ನುವವಳು. “ಇವ್ರುನ್ನ ಕೇಳವ್ವ, ನಂಗೆ ಲೆಕ್ಕ ತಲೆಗೇ ಅತ್ನಿಲ್ಲ,” ಅಂದು ನಕ್ಕೆ. ನಾನೂ ನಕ್ಕೆ. ಥೂ, ನನ್ನ ಜನ್ಮಕ್ಕಿಷ್ಟು!

ಇಷ್ಟು ವರ್ಷ, ನಿನ್ನಿಂದ ಕಿತ್ತುಕೊಂಡದ್ದು ಒಂದು ಕೆಲಸ ಅಂದುಕೊಂಡಿದ್ದೆ. ಅಷ್ಟೇ ಆಗಿದ್ದರೆ...

ಈ ಭಾನುವಾರ ನಿಮ್ಮನೆಗೆ ಬರುತ್ತೇನೆ. ಕ್ಷಮಿಸು ಅಂತ ಕೇಳುವುದಕ್ಕಲ್ಲ. ಮಗಳನ್ನು ಎದುರಿಗೆ ಕೂರಿಸಿಕೋ — ನಿಮ್ಮಮ್ಮನ ಲೆಕ್ಕ ಸರಿಯಾಗಿತ್ತು ಅಂತ ಅವಳ ಮುಂದೆ ಹೇಳಬೇಕು.